ಕಸ್ತೂರಿಯ ಕಿಟಕಿ, ನನ್ನ ಗೋಣಿತಟ್ಟು

ನನ್ನ ಮೊಮ್ಮಗಳು ಅಶ್ವಿನಿ ಟೀಚರ್ ಆಗಿದ್ದಾಳೆ. ಈ ಮಾತನ್ನು ನಮ್ಮೂರು ಕೊಹಿನೂರದ ಹಾಲಿನವನಿಗೆ ಹೇಳಿದ್ದೇನೆ, ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತ ಗುರುತಿಲ್ಲದ ಹೆಂಗಸಿಗೆ ಹೇಳಿದ್ದೇನೆ, ಹಿಟ್ಟಿನ ಗಿರಣಿಯವನಿಗೆ ಮಷೀನಿನ ಸದ್ದಿಗಿಂತ ದೊಡ್ಡ ದನಿ ತೆಗೆದು ಹೇಳಿದ್ದೇನೆ. ಈಗ ಬರೆದೂ ಹೇಳುತ್ತಿದ್ದೇನೆ. ನಾನು ಕಲಿತದ್ದು ಮೂರನೇ ಇಯತ್ತೆ. ಅಕ್ಷರ ಸೊಟ್ಟಗಾದರೆ ಖುಷಿಗೆ ಕುಣಿಯುತ್ತಿವೆ ಅಂತ ತಿಳಿಯಿರಿ.

ಅವಳಿಗೆ ಕೆಲಸ ಸಿಕ್ಕದ್ದು ಬಸವಕಲ್ಯಾಣದಲ್ಲಿ. ಅದೇ ದೊಡ್ಡ ಖುಷಿ ಅಂದುಕೊಂಡಿದ್ದೆ. ಬಾಡಿಗೆಗೆ ಹಿಡಿದ ಕೋಣೆ ಎಲ್ಲಿಯದು ಅಂತ ಅವಳು ಹೇಳಿದಾಗ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. ಅದು ನನ್ನ ಗೆಳತಿ ಕಸ್ತೂರಿಯ ವಾಡೆ, ಸಾಹುಕಾರರ ದೊಡ್ಡ ಮನೆ. ವಾಡೆಯ ಮುಂದಿನ ಕೋಣೆ. ಅಂಗಳದ ಕಡೆಗೆ ಕಬ್ಬಿಣದ ಸರಳಿನ ಕಿಟಕಿ ಇರುವ ಅದೇ ಕೋಣೆ.

ಹಾಲು ಉಕ್ಕಿಸುವ ದಿನ ನನ್ನನ್ನು ಕರೆಸಿದಳು. ಮಳೆ ಹಿಡಿದಿತ್ತು. ಕಾಲೊರೆಸಲು ಹೊಸ್ತಿಲಲ್ಲಿ ಒಂದು ಗೋಣಿತಟ್ಟು ಹಾಸಿದ್ದಳು; ಅದು ನೆನೆದು ತೊಪ್ಪೆಯಾಗಿತ್ತು. ನೆನೆದ ಗೋಣಿಯ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಒಲೆಯ ಮುಂದೆ ನಿಂತಲ್ಲೇ ಕಲ್ಲಾದೆ.

"ಆಯಿ, ಹಾಲು ಹೊಂಟದ ನೋಡ," ಅಂತ ಅಶ್ವಿನಿ ಕೂಗಿದಳು. ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುತ್ತಾರೆ. ಹಾಲು ಉಕ್ಕಿ ಹರಿದು ಒಲೆಯೇ ಆರಿತು. ಉಕ್ಕಬೇಕಾದ ಹಾಲೇ, ಚಿಂತೆಯಿಲ್ಲ. ನಾನು ಆಗಲೇ ಇನ್ನೊಂದು ಮಳೆಗಾಲಕ್ಕೆ ಹೋಗಿಬಿಟ್ಟಿದ್ದೆ.

ಇಸವಿ ಕೇಳಬೇಡಿ. ನನಗೆ ವರ್ಷಗಳು ನೆನಪಿರುವುದು ಮಳೆಯಿಂದ, ಹೆರಿಗೆಯಿಂದ. ಊರಿಗೆ ಟಿ.ವಿ. ಹೊಸದಾಗಿ ಬಂದಿದ್ದ ಕಾಲ, ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು ಅಂತ ಅಶ್ವಿನಿ ಲೆಕ್ಕ ಹಾಕಿ ಹೇಳುತ್ತಾಳೆ. ನನ್ನ ಮಗಳು ಸುಮಿತ್ರಾ, ಅಂದರೆ ಅಶ್ವಿನಿಯ ತಾಯಿ, ಆಗ ಮದುವೆಯ ವಯಸ್ಸಿಗೆ ಬಂದಿದ್ದಳು. ನಮ್ಮ ಮನೆಯವರು ಬಸವಕಲ್ಯಾಣದ ಒಂದು ದಾಲ್ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಿದ್ದರು, ಚೀಲ ಹೊರುವ ಕೆಲಸ. ಮಿಲ್ಲಿನ ಹಿಂದಿನ ತಗಡಿನ ಮನೆ ನಮ್ಮದು. ಮಳೆ ಬಂದರೆ ಒಳಗೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಜಗಳವಾಡಲು ಬಿಸಿಲು ಬರುವ ತನಕ ಕಾಯಬೇಕಿತ್ತು.

ಕಸ್ತೂರಿಯೂ ನಾನೂ ಕೊಹಿನೂರದವರು. ಅವಳ ಅಪ್ಪನ ಹೊಲವನ್ನು ನನ್ನ ಅಪ್ಪ ಪಾಲಿಗೆ ಮಾಡುತ್ತಿದ್ದ. ಹುಡುಗಿಯರಾಗಿದ್ದಾಗ ಒಂದೇ ಮರಕ್ಕೆ ಜೋಕಾಲಿ ಕಟ್ಟಿ ಆಡಿದವರು. ಅವಳು ಸಾಹುಕಾರನ ಸೊಸೆಯಾಗಿ ಈ ವಾಡೆಗೆ ಬಂದಳು. ನಾನು ಹಮಾಲನ ಹೆಂಡತಿಯಾಗಿ ವಾಡೆಯ ಹಿಂದಿನ ಓಣಿಗೆ ಬಂದೆ. ಮೋರಖಂಡಿ ದಾರಿಯಲ್ಲಿದ್ದ ಅವಳ ಗಂಡನ ಹೊಲದಲ್ಲಿ ಕಳೆ ತೆಗೆಯಲು ಹೋಗುತ್ತಿದ್ದೆ. ಅವಳು ನನ್ನನ್ನು "ನೀಲಿ" ಅನ್ನುತ್ತಿದ್ದಳು, ನಾನು ಜನರ ಮುಂದೆ ಮರ್ಯಾದೆಗೆ "ಬಾಯಾರ" ಅನ್ನುತ್ತಿದ್ದೆ, ಯಾರೂ ಇಲ್ಲದಾಗ "ಕಸ್ತೂರಿ."

ಯುಗಾದಿಗೆ ಅವರ ಮನೆಗೆ ಟಿ.ವಿ. ಬಂತು. ಮರದ ಪೆಟ್ಟಿಗೆ, ಮುಂದೆ ಸರಿಸುವ ಬಾಗಿಲು. ಕಸ್ತೂರಿ ಅದಕ್ಕೆ ಕುಂಕುಮ ಹಚ್ಚಿ, ತಾನೇ ಗಿಳಿ ಕಸೂತಿ ಹಾಕಿದ ಬಟ್ಟೆ ಹೊದಿಸಿದಳು. ಕಿಲ್ಲೆಯ ಕಡೆಯಿಂದ ಗಾಳಿ ಬೀಸಿದರೆ ಮಾಳಿಗೆಯ ಮೇಲಿನ ಅಂಟೇನಾ ತಿರುಗಿ, ಟಿ.ವಿ.ಯೊಳಗಿನ ಜನರೆಲ್ಲ ಎರಡೆರಡಾಗಿ ಕಾಣುತ್ತಿದ್ದರು.

ಮೃಗಶಿರ ಮಳೆ ಬಿದ್ದ ಮೇಲೆ ಭಾನುವಾರ ಮುಂಜಾನೆ ಒಂದು ಹಿಂದಿ ಧಾರಾವಾಹಿ ಶುರುವಾಯಿತು. ಅದರ ಹೆಸರು ನಮ್ಮ ನಾಲಿಗೆಗೆ ಹತ್ತಲಿಲ್ಲ. ಓಣಿಯಲ್ಲಿ ಅದಕ್ಕೆ "ಬಂಗ್ಲೆ ಕಥಿ" ಅನ್ನುತ್ತಿದ್ದೆವು. ಸಾಹುಕಾರರ ಮನೆಯವರು ಒಳಗೆ ಪಲಂಗ, ಕುರ್ಚಿಗಳ ಮೇಲೆ. ಓಣಿಯವರು ಹೊರಗೆ ಅಂಗಳದಲ್ಲಿ, ಕಿಟಕಿಯ ಕೆಳಗಿನ ಕಲ್ಲಿನ ಕಟ್ಟೆಯ ಮೇಲೆ. ಕುಳಿತರೆ ಸರಳಿನ ನಡುವೆ ಟಿ.ವಿ. ಸರಿಯಾಗಿ ಕಾಣುತ್ತಿತ್ತು. ಮಿಲ್ಲಿನಲ್ಲಿ ಹರಿದ ಗೋಣಿಚೀಲಗಳನ್ನು ನಮ್ಮ ಮನೆಯವರು ತಂದಿದ್ದರು. ತೊಳೆದು ಒಬ್ಬೊಬ್ಬರಿಗೆ ಒಂದೊಂದು ಕೊಟ್ಟಿದ್ದೆ. ನೋಡಿದ ಮೇಲೆ ಸುತ್ತಿ ಕಿಟಕಿಯ ಕೆಳಗಿನ ಗೂಡಿನಲ್ಲಿ ತುರುಕಿ ಹೋಗುವುದು. ಮಳೆ ಬಂದರೆ ಅದನ್ನೇ ಮಡಚಿ ತಲೆಯ ಮೇಲೆ ಗೊಪ್ಪೆ ಹಾಕಿಕೊಂಡು ನೋಡುವುದು. ಧಾರಾವಾಹಿಯ ಹಾಡು ಶುರುವಾದರೆ ಸಾಕು, ಓಣಿಯ ಹೆಂಗಸರು ಹಿಟ್ಟಿನ ಕೈಯಲ್ಲೇ ಓಡುತ್ತಿದ್ದೆವು, ಒಳ್ಳೆಯ ಜಾಗ ಹಿಡಿಯಲು. ಹೊರಗೆ ಕುಳಿತುಕೊಳ್ಳಿ ಅಂತ ನಮಗೆ ಯಾರೂ ಹೇಳಿರಲಿಲ್ಲ. ಒಳಗೆ ಬನ್ನಿ ಅಂತಲೂ ಹೇಳಿರಲಿಲ್ಲ. ಕಾಲಿಗೆ ತಾನಾಗಿಯೇ ಗೊತ್ತಿತ್ತು.

ಹಿಂದಿ ನಮಗೆ ಅರ್ಧ ತಿಳಿಯುತ್ತಿತ್ತು. ಉಳಿದರ್ಧ ಖಾಜಾಬೀ ಹೇಳುತ್ತಿದ್ದಳು. ಬಳೆ ಮಾರುವವಳು, ನನ್ನ ಪಕ್ಕದ ಗೋಣಿ ಅವಳದು. ಟಿ.ವಿ.ಯವರು ಒಂದು ಮಾತಾಡಿದರೆ ಇವಳು ನಾಲ್ಕು ಹೇಳುತ್ತಿದ್ದಳು. "ಅಷ್ಟೆಲ್ಲಾ ಅಂದಳೇನು ಆಕಿ?" ಅಂತ ಕೇಳಿದರೆ, "ಅನ್ನಲಿಲ್ಲ, ಮನಸಿನಾಗ ಅದ," ಅನ್ನುತ್ತಿದ್ದಳು.

ಕಥೆಯಲ್ಲಿ ಇಬ್ಬರು ಗೆಳತಿಯರು. ಒಬ್ಬಳು ಬಂಗಲೆಯ ಸೇಠನ ಮಗಳು, ಮೋಟಾರಿನಲ್ಲಿ ತಿರುಗುವವಳು. ಅವಳಿಗೆ ನಾವು "ಮೋಟಾರದಾಕಿ" ಅಂತ ಹೆಸರಿಟ್ಟೆವು. ಇನ್ನೊಬ್ಬಳು ಅದೇ ಬಂಗಲೆಯ ಅಡುಗೆಯವಳ ಮಗಳು, ಅವಳು "ರೊಟ್ಟಿಯಾಕಿ." ಇಬ್ಬರಿಗೂ ಜೀವದ ಗೆಳೆತನ. ಒಬ್ಬ ಶ್ರೀಮಂತ ಹುಡುಗ ರೊಟ್ಟಿಯಾಕಿಯನ್ನು ಇಷ್ಟಪಟ್ಟ. ಇವಳು ಆ ಬಂಗಲೆ ತನ್ನದೇ ಅಂತ ಹೇಳಿಬಿಟ್ಟಳು. ಮೋಟಾರದಾಕಿ ಗೆಳತಿಯ ಮೇಲಿನ ಪ್ರೀತಿಗೆ ಬಾಯಿ ಮುಚ್ಚಿಕೊಂಡು, ಆ ಹುಡುಗ ಬಂದಾಗ ತಾನೇ ಕೆಲಸದವಳ ಹಾಗೆ ಚಹಾ ತಂದು ಕೊಟ್ಟಳು.

ಆ ವಾರ ಓಣಿಗೆ ಬೆಂಕಿ ಬಿತ್ತು.

"ಉಪಕಾರ ಮಾಡಿದಾಕಿ ಕೈಲೇ ಚಹಾ ತರಿಸಿದಳಲ್ಲ, ಎಂಥಾ ಮನಸು ಆಕೀದು," ಅಂದಳು ಕಸ್ತೂರಿ ಒಳಗಿನಿಂದ.

"ಆಕಿ ಏನ ಮಾಡಬೇಕಿತ್ತು?" ಅಂದೆ ನಾನು ಹೊರಗಿನಿಂದ. "ಅಡಗಿಯಾಕಿ ಮಗಳಿದೀನಿ ಅಂದಿದ್ರ ಅವ ಎರಡನೇ ಸಲ ತಿರುಗಿ ನೋಡ್ತಿದ್ನೇನು?"

ಒಳಗಿನವರೆಲ್ಲ ಮೋಟಾರದಾಕಿಯ ಕಡೆ, ಹೊರಗಿನವರೆಲ್ಲ ರೊಟ್ಟಿಯಾಕಿಯ ಕಡೆ. ಜಗಳ ಹೊಲದ ತನಕ ಹೋಯಿತು. ಹೆಸರುಕಾಳಿನ ಹೊಲದಲ್ಲಿ ಕಳೆ ತೆಗೆಯುತ್ತ ಹೆಂಗಸರು ವಾದ ಮಾಡುತ್ತಿದ್ದೆವು; ವಾದದ ಬಿಸಿಯಲ್ಲಿ ಕಳೆ ಉಳಿದು ಹೆಸರಿನ ಸಸಿ ಕೈಗೆ ಬರುತ್ತಿತ್ತು. ಹೊರಗಿನವರಲ್ಲಿ ಒಬ್ಬಳೇ ಒಬ್ಬಳು ನಮಗೆ ಎದುರು ಮಾತಾಡುತ್ತಿದ್ದಳು. ನನ್ನ ಮಗಳು ಸುಮಿತ್ರಾ.

"ರೊಟ್ಟಿಯಾಕೀದೇ ತಪ್ಪು," ಅನ್ನುತ್ತಿದ್ದಳು. "ಅವ್ವ ಅಡಗಿ ಮಾಡ್ತಾಳ ಅಂತ ಹೇಳಾಕ ಏನಾಗಿತ್ತು? ಕಳವು ಮಾಡ್ತಾಳೇನು?"

"ನೀ ಸುಮ್ ಕುಂಡ್ರು. ಸಾಹುಕಾರ್ತಿ ಹಂಗ ಮಾತಾಡಬ್ಯಾಡ," ಅಂತ ಖಾಜಾಬೀ ಅವಳ ಬಾಯಿ ಮುಚ್ಚಿಸುತ್ತಿದ್ದಳು.

ಒಂದು ಭಾನುವಾರ ಕಸ್ತೂರಿಗೂ ನನಗೂ ಮಾತು ಬಹಳ ಬೆಳೆಯಿತು. "ಹೊರಗ ಕುಂತು ಬಾಯಿ ಮಾಡ್ತಿ ನೀ," ಅಂದಳು. "ಒಳಗ ಯಾರು ಕರದಾರ?" ಅಂದುಬಿಟ್ಟೆ. ಬಾಯಾರ ಅನ್ನುವುದನ್ನೂ ಮರೆತಿದ್ದೆ. ಕಸ್ತೂರಿ ಎದ್ದು ಬಂದು ಕಿಟಕಿಯ ಬಾಗಿಲು ದಡಾರನೆ ಹಾಕಿದಳು. ಅಂಗಳದಲ್ಲಿ ಎಲ್ಲರೂ ಮುಚ್ಚಿದ ಮರವನ್ನೇ ನೋಡುತ್ತ ಕುಳಿತೆವು, ಒಳಗೆ ಟಿ.ವಿ. ಮಾತಾಡುತ್ತಿತ್ತು. ಆಮೇಲೆ ಖಾಜಾಬೀ ಸರಳಿನೊಳಗೆ ಕೈ ಹಾಕಿ ತಟ್ಟಿದಳು. "ಬಾಯಿ, ಜಗಳ ನೀಲವ್ವಂದು. ನಮ್ಮ ಕಥಿ ಯಾಕ ಬಂದ್ ಮಾಡ್ತೀರಿ?" ಒಳಗೆ ಕಸ್ತೂರಿ ನಕ್ಕದ್ದು ಕೇಳಿಸಿತು. ಕಿಟಕಿ ತೆರೆಯಿತು. ಆದರೆ ಅವಳು ನನ್ನ ಮುಖ ನೋಡಲಿಲ್ಲ.

ಇದೆಲ್ಲದರ ನಡುವೆ ನನಗೊಂದು ದೊಡ್ಡ ಚಿಂತೆ ಇತ್ತು. ಸುಮಿತ್ರಾಳನ್ನು ನೋಡಲು ಬಂದವರು ತಗಡಿನ ಮನೆ ನೋಡಿ, ಚಹಾ ಕುಡಿದು, "ಹೇಳಿ ಕಳಸ್ತೀವಿ" ಅಂತ ಹೋಗುತ್ತಿದ್ದರು. ಯಾರೂ ಹೇಳಿ ಕಳಿಸಲಿಲ್ಲ. ಹುಡುಗಿ ದಿನದಿನಕ್ಕೆ ಮಾತು ಕಡಿಮೆ ಮಾಡಿದಳು. ಧಾರಾವಾಹಿ ನೋಡುವಾಗ ಮಾತ್ರ ಅವಳ ದನಿ ಮೊದಲಿನ ಹಾಗೆ ಕೇಳುತ್ತಿತ್ತು.

ಆಗ ನನ್ನ ಸೋದರಮಾವನ ಮಗ ಸಿದ್ರಾಮಣ್ಣ ಹುಮನಾಬಾದದಿಂದ ಒಂದು ಸಂಬಂಧ ತಂದ. ಹುಡುಗನ ಹೆಸರು ಶಿವರಾಜ. ರೈತರ ಕಾಳು ಮಾರಿಸಿಕೊಡುವ ಅಡತ ಅಂಗಡಿಯಲ್ಲಿ ಕೆಲಸ, ತಂದೆಯಿಲ್ಲ, ತಾಯಿ ಗುರುಬಾಯಿ. "ಭಾರಿ ಅನುಕೂಲಸ್ತರು. ಬರೋ ಐತಾರ ಜೀಪಿನ್ಯಾಗ ಬರಾಕತ್ತಾರ," ಅಂದ ಸಿದ್ರಾಮಣ್ಣ. ಆಮೇಲೆ ಕತ್ತು ತುರಿಸಿಕೊಂಡು, "ಅವರ ಮುಂದ ನಿಮ್ಮದು ವಾಡೆ ಅದ ಅಂದೀನಿ," ಅಂದ.

"ಯಾವ ವಾಡೆ?"

"ಯಾವದರೆ ಒಂದು ನೋಡಕೋರಿ."

ನಾನು ಅಳುತ್ತ ಕಸ್ತೂರಿಯ ಹಿತ್ತಿಲಿಗೆ ಹೋದೆ. ಅವಳು ಎಲ್ಲ ಕೇಳಿ, ಬೈಯಬಹುದು ಅಂದುಕೊಂಡಿದ್ದೆ. ಅವಳ ಕಣ್ಣು ಮಿಂಚಿದವು.

"ನಮ್ಮ ಮನ್ಯಾಗೇ ತೋರ್ಸೋಣು," ಅಂದಳು. "ನಮ್ಮವರು, ಮನಿ ಮಂದಿ ಎಲ್ಲಾ ಐತಾರ ಊರಾಗ ಇರಂಗಿಲ್ಲ. ನೀನು ಮನಿ ಮಾಲಕಿ. ನಾ ಬಾಜೂ ಮನಿಯಾಕಿ, ಚಹಾ ತಂದು ಕೊಡ್ತೀನಿ."

"ರೊಟ್ಟಿಯಾಕಿಗಿ ಬೈದಾಕಿ ನೀನೇ ಅಲ್ಲೇನು?"

"ಆಕಿಗಿ ಬೈದೀನಿ, ಮೋಟಾರದಾಕಿಗಿ ಬೈದಿಲ್ಲಲ್ಲ," ಅಂದಳು. ಆಮೇಲೆ ನನ್ನ ಕಣ್ಣೊರೆಸಿ, "ಒಂದಿನರೆ ನೀ ಒಳಗ ಕುಂಡ್ರು, ನೀಲಿ," ಅಂದಳು. ಆ ಮಾತಿಗೆ ನಾನು ಒಪ್ಪಿಕೊಂಡೆ.

ಸುಮಿತ್ರಾ ಒಪ್ಪಲಿಲ್ಲ. ಒಲೆಯ ಮುಂದೆ ರೊಟ್ಟಿ ಬಡಿಯುತ್ತ, ತಲೆಯೆತ್ತದೆ ಕೇಳಿದಳು: "ಅವ್ವ, ಮದುವಿ ಆದಮ್ಯಾಲ ನಾ ತವರಿಗಿ ಅಂತ ಯಾವ ಮನಿಗಿ ಬರ್ಲಿ? ಗಂಡನ್ನ ಕರಕೊಂಡು ಆ ವಾಡೇಕ ಹೋಗ್ಲೇನು, ಇಲ್ಲಿಗಿ ಬರ್ಲೇನು?"

"ಮೊದಲ ಮದುವಿ ಆಗ್ಲಿ," ಅಂದೆ. ತಗಡಿನ ಮೇಲೆ ಮಳೆ ಜೋರಾಯಿತು. ಮುಂದಿನ ಮಾತು ಇಬ್ಬರಿಗೂ ಕೇಳಿಸಲಿಲ್ಲ.

ಆ ಭಾನುವಾರ ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಕಸ್ತೂರಿ ನನಗೆ ತನ್ನ ಜರಿ ಸೀರೆ ಉಡಿಸಿದಳು, ಸುಮಿತ್ರಾಳ ಕೊರಳಿಗೆ ತನ್ನ ಸರ ಹಾಕಿದಳು, ನಮ್ಮ ಮನೆಯವರಿಗೆ ಸಾಹುಕಾರರ ಕೋಟು ತೊಡಿಸಿದಳು. ತೋಳು ಉದ್ದವಾಗಿ ಅವರ ಕೈಬೆರಳು ಕಾಣುತ್ತಿರಲಿಲ್ಲ. ತಾನು ಒಂದು ಹಳೆಯ ಸೀರೆ ಉಟ್ಟು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗುತ್ತಿದ್ದಳು. ಟಿ.ವಿ.ಯೊಳಗೆ ಹೋಗಿ ನಿಂತಷ್ಟು ಖುಷಿ ಅವಳಿಗೆ.

ಓಣಿಯವರಿಗೆ ಈ ಹೊತ್ತು ಕಿಟಕಿಯ ಹತ್ತಿರ ಬರಬೇಡಿ ಅಂತ ಹೇಳಿಯಾಗಿತ್ತು. ಖಾಜಾಬೀಗೆ ಸಿಟ್ಟು. "ಕಥ್ಯಾಗ ಹುಡುಗನ ತಾಯಿ ಬಂಗ್ಲೇಕ್ಕ ಬರೂದು ಇವತ್ತೇ, ಗುಟ್ಟು ಒಡಿಯೂದು ಇವತ್ತೇ. ನಿಮಗೂ ಬೀಗರು ಇವತ್ತೇ ಬರಬೇಕೇನು?" ಬೀಗರು ಮಧ್ಯಾಹ್ನ ಬರುವವರಿದ್ದರು. ಅಷ್ಟರಲ್ಲಿ ಒಳಗಿದ್ದವರಾದರೂ ನೋಡಿ ಮುಗಿಸಬಹುದು ಅಂತ ಕಸ್ತೂರಿಯ ಲೆಕ್ಕ. ಜೀಪು ಧಾರಾವಾಹಿ ಶುರುವಾಗುವ ಮುಂಚೆಯೇ ಬಂದು ನಿಂತಿತು.

ನನ್ನನ್ನು ಪಲಂಗದ ಮೇಲೆ ಕೂರಿಸಿದ್ದರು. ಅದು ಮೆತ್ತಗೆ ಒಳಗೊಳಗೇ ಇಳಿಯುತ್ತಿತ್ತು. ಬಾವಿಗೆ ಬೀಳುತ್ತಿದ್ದೇನೆ ಅನ್ನಿಸಿತು. ಗುರುಬಾಯಿ ಎದುರಿನ ಕುರ್ಚಿಯ ಅಂಚಿನಲ್ಲಿ ಕುಳಿತಳು. ಗಟ್ಟಿ ಹೆಂಗಸು, ಹಣೆಯ ಮೇಲೆ ವಿಭೂತಿ. ಶಿವರಾಜ ಬಿಳಿ ಅಂಗಿ ಹಾಕಿದ್ದ, ಕೈಯಲ್ಲಿ ಬಂಗಾರದ ಬಣ್ಣದ ಗಡಿಯಾರ. ಸಿದ್ರಾಮಣ್ಣ ಯಾರ ಮುಖವನ್ನೂ ನೋಡದೆ ಸೂರು ನೋಡುತ್ತಿದ್ದ.

"ಭಾಳ ದೊಡ್ಡ ಮನಿ. ಖೋಲಿ ಎಷ್ಟವರಿ?" ಅಂತ ಗುರುಬಾಯಿ ಕೇಳಿದಳು.

"ಎಣಿಸಿಲ್ರಿ," ಅಂದೆ. ಅದು ಖರೇ ಮಾತೇ.

ಸುಮಿತ್ರಾ ಅವಲಕ್ಕಿ ತಂದು ಕೊಟ್ಟು ಗೋಡೆಗೆ ಒರಗಿ ನಿಂತಳು. ಹೆಸರು ಕೇಳಿದರು, ಹೇಳಿದಳು. "ಸರ ಛಲೋ ಅದ," ಅಂದಳು ಗುರುಬಾಯಿ. ಸುಮಿತ್ರಾ ಸರವನ್ನು ಮುಟ್ಟಿ ನೋಡಿಕೊಂಡು ಕೈ ತೆಗೆದುಬಿಟ್ಟಳು, ಬಿಸಿ ತಾಕಿದ ಹಾಗೆ.

ಗುರುಬಾಯಿಗೆ ಯಾಕೋ ಚಡಪಡಿಕೆ. "ಟೈಮ್ ಎಷ್ಟಾತೋ?" ಅಂತ ಮಗನನ್ನು ಕೇಳಿದಳು. ಅವನು ಕೈ ಎತ್ತಿ, "ಒಂಬತ್ತೂವರಿ," ಅಂದ. ಅವಲಕ್ಕಿ ಮುಗಿದ ಮೇಲೆ ಮತ್ತೆ ಕೇಳಿದಳು. ಅವನು ಮತ್ತೆ ಕೈ ಎತ್ತಿದ. "ಒಂಬತ್ತೂವರಿ." ಕಸ್ತೂರಿ ತಟ್ಟೆ ಎತ್ತಿಕೊಳ್ಳುತ್ತ ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡಳು.

ಕಡೆಗೆ ಗುರುಬಾಯಿ ಮುಂದಕ್ಕೆ ಬಾಗಿದಳು. "ಬಾಯಾರ, ತಪ್ಪು ತಿಳಕೋಬ್ಯಾಡ್ರಿ. ಐತಾರ ಮುಂಜಾನಿ ಆ ಬಂಗ್ಲೇ ಹುಡುಗೇರ ಕಥಿ ಬರ್ತದಲ್ಲ, ನಿಮ್ಮಲ್ಲಿ ನೋಡ್ತೀರೇನು?"

ಕೋಣೆಯಲ್ಲಿ ಎಲ್ಲರ ಮುಖದ ಬಣ್ಣ ಬದಲಾಯಿತು. ಹುಮನಾಬಾದದಲ್ಲೂ ಅದೇ ಕಥೆ ನೋಡುತ್ತಾರೆ ಅಂತ ನಮ್ಮ ತಲೆಗೆ ಹೊಳೆದೇ ಇರಲಿಲ್ಲ.

"ನೋಡ್ತೀವ್ರಿ," ಅಂದೆ.

"ಹಂಗಾರ ಚಾಲೂ ಮಾಡ್ರೆಲ್ಲ. ಇವತ್ತ ತಪ್ಪಿದ್ರ ವಾರಗಟ್ಲೆ ನಿದ್ದಿ ಬರಂಗಿಲ್ಲ ನನಗ."

ಮನೆಯ ಮಾಲಕಿ ನಾನು, ನಾನೇ ಏಳಬೇಕು. ಎದ್ದು ಟಿ.ವಿ.ಯ ಮುಂದೆ ನಿಂತೆ. ಆ ಪೆಟ್ಟಿಗೆಯನ್ನು ನಾನು ಒಮ್ಮೆಯೂ ಮುಟ್ಟಿರಲಿಲ್ಲ. ಗಿಳಿಯ ಬಟ್ಟೆ ತೆಗೆದೆ, ಬಾಗಿಲು ಹೇಗೆ ಸರಿಸುವುದೋ ತಿಳಿಯದೆ ಬಾಗಿಲಿಗೆ ಕೈ ಮುಗಿದೆ. ಪೂಜೆಯ ವಾಡಿಕೆ ಅಂದುಕೊಳ್ಳಲಿ ಅಂತ. ಕಸ್ತೂರಿ ಓಡಿ ಬಂದಳು. "ಬಿಡ್ರಿ ಬಾಯಾರ, ನಿಮ್ಮ ಕೈಗಿ ಕುಂಕುಮ ಅದ," ಅಂತ ಬಾಗಿಲು ಸರಿಸಿ ಗುಂಡಿ ತಿರುಗಿಸಿದಳು. ಅವಳ ಬಾಯಲ್ಲಿ ನನಗೆ ಬಾಯಾರ. ನನಗೂ ನಗು ಬರುವಂತಾಯಿತು.

ಆ ಟಿ.ವಿ.ಯಲ್ಲಿ ಚಿತ್ರ ಬರಲು ತಡವಾಗುತ್ತಿತ್ತು, ಮೊದಲು ಸದ್ದು. ಧಾರಾವಾಹಿಯ ಹಾಡು ಶುರುವಾಯಿತು.

ಮುಂದೆ ಆದದ್ದನ್ನು ನನ್ನ ತಲೆ ಮಾಡಲಿಲ್ಲ, ಕಾಲು ಮಾಡಿದವು. ಹಾಡು ಕಿವಿಗೆ ಬಿದ್ದದ್ದೇ ಸೀರೆಯ ನಿರಿಗೆ ಎತ್ತಿ ಹಿಡಿದು ಬಾಗಿಲು ದಾಟಿ ಅಂಗಳಕ್ಕೆ ಓಡಿದೆ. ಗೂಡಿನೊಳಗಿಂದ ನನ್ನ ಗೋಣಿತಟ್ಟು ಎಳೆದೆ, ಕೊಡವಿದೆ, ಕಟ್ಟೆಯ ಮೇಲೆ ಹಾಸಿ ಕುಳಿತೆ, ಸರಳು ಹಿಡಿದು ಕತ್ತು ವಾಲಿಸಿದೆ. ನಮ್ಮ ಮನೆಯವರು ಕೋಟಿನ ಸಮೇತ ಬಂದು ಬೇವಿನ ಗಿಡದ ಬುಡದ ತಮ್ಮ ಜಾಗದಲ್ಲಿ ಕುಕ್ಕರಗಾಲಲ್ಲಿ ಕುಳಿತರು. ಸುಮಿತ್ರಾ ಕೈಯಲ್ಲಿ ಖಾಲಿ ಲೋಟ ಹಿಡಿದುಕೊಂಡೇ ಹಿಂದೆ ಬಂದಳು. ಚಿತ್ರ ಬಂತು. ಬಂಗಲೆಯ ಮುಂದೆ ಮೋಟಾರು ನಿಂತಿತ್ತು, ಹುಡುಗನ ತಾಯಿ ಇಳಿಯುತ್ತಿದ್ದಳು. "ಬಂದಳ್ರಿ, ಬಂದಳು," ಅಂದರು ಯಾರೋ ನನ್ನ ಕಿವಿಯ ಹತ್ತಿರ.

ತಿರುಗಿದೆ. ಖಾಜಾಬೀಯ ಗೋಣಿಯ ಮೇಲೆ, ನನ್ನ ಹಾಗೆಯೇ ಕತ್ತು ವಾಲಿಸಿ, ನನ್ನ ಹಾಗೆಯೇ ಸರಳು ಹಿಡಿದು, ಗುರುಬಾಯಿ ಕುಳಿತಿದ್ದಳು.

ಅವಳೂ ನನ್ನನ್ನು ನೋಡಿದಳು. ಒಳಗೆ ಅಷ್ಟು ದೊಡ್ಡ ಪಲಂಗದ ಮೇಲೆ ಹಳೆಯ ಸೀರೆಯಲ್ಲಿ ಕಸ್ತೂರಿ ಒಬ್ಬಳೇ ಕುಳಿತಿದ್ದಳು, ತನ್ನ ಮಾಮೂಲಿ ಜಾಗದಲ್ಲಿ, ತಲೆದಿಂಬಿಗೆ ಒರಗಿ. ಸಿದ್ರಾಮಣ್ಣ ಹಣೆಗೆ ಕೈ ಹಚ್ಚಿಕೊಂಡಿದ್ದ. ಶಿವರಾಜ ಬಾಗಿಲಲ್ಲಿ, ಒಳಗೂ ಅಲ್ಲದೆ ಹೊರಗೂ ಅಲ್ಲದೆ ನಿಂತಿದ್ದ.

ಅಷ್ಟರಲ್ಲಿ ಗೋಡೆಯ ಆಚೆ ಅವಿತಿದ್ದ ಖಾಜಾಬೀ ಓಣಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ಒಳನುಗ್ಗಿದಳು. "ನೀವು ಕುಂತೀರಂದ್ರ ನಾವೇನು ಪಾಪ ಮಾಡೀವಿ? ಏ ಬಾಯಿ, ಸರೀರಿ, ಇದು ನನ್ನ ತಟ್ಟು," ಅಂದಳು ಗುರುಬಾಯಿಗೆ. ಗುರುಬಾಯಿ ತಟ್ಟನೆ ಸರಿದು ಅರ್ಧ ಗೋಣಿ ಬಿಟ್ಟುಕೊಟ್ಟಳು. ಹೇಗೆ ಸರಿಯಬೇಕು ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮುಗಿಯಿತು, ಈ ಸಂಬಂಧವೂ ಹೋಯಿತು ಅಂತ ಕುಳಿತಿದ್ದೆ. ಒಳಗೆ ಟಿ.ವಿ.ಯಲ್ಲೂ ಹಾಗೇ ಆಗುತ್ತಿತ್ತು. ಹುಡುಗನ ತಾಯಿಗೆ ಗುಟ್ಟು ತಿಳಿದುಬಿಟ್ಟಿತು. ಅವಳು ಕೈ ಬೀಸಿ ಬೀಸಿ ಮಾತಾಡಿದಳು, ರೊಟ್ಟಿಯಾಕಿ ಅಳುತ್ತ ನಿಂತಳು.

"ಏನಂತಾಳ?" ಅಂತ ಗುರುಬಾಯಿ ಖಾಜಾಬೀಯನ್ನು ಕೇಳಿದಳು.

"ನಮಗ ಮೋಸ ಮಾಡೀರಿ, ಇನ್ನ ಈ ಹೊಸ್ತಿಲಾ ತುಳಿಯಂಗಿಲ್ಲ ಅಂತಾಳ. ಹೊಂಟಳು ನೋಡ್ರಿ, ಮೋಟಾರ್ ಏರಿದಳು."

ಗುರುಬಾಯಿ ಮೂಗು ಮುರಿದಳು. "ಹುಚ್ಚಿ. ಅಷ್ಟು ದೂರದಿಂದ ಬಂದಾಕಿ, ಹುಡುಗೀದು ಖರೇ ಮನಿ ಯಾವದು ಅಂತ ಕೇಳೂದಿಲ್ಲೇನು? ಅಲ್ಲಿ ಹೋಗಿ ನೋಡೂದಿಲ್ಲೇನು?" ಆಮೇಲೆ ಟಿ.ವಿ.ಯಿಂದ ಕಣ್ಣು ಕೀಳದೆಯೇ ನನ್ನನ್ನು ಕೇಳಿದಳು: "ನಿಮ್ಮ ಮನಿ ಯಾವದ್ರಿ?"

ನಾನು ಕೈ ತೋರಿಸಿದೆ. ಗೋಡೆಯ ಆಚೆ ಮಿಲ್ಲಿನ ಹಿಂದೆ ನಮ್ಮ ತಗಡು ಬಿಸಿಲಿಗೆ ಹೊಳೆಯುತ್ತಿತ್ತು.

"ಇದು ಮುಗೀಲಿ. ಚಹಾ ಅಲ್ಲೇ ಕುಡಿಯೋಣು," ಅಂದಳು. "ಆ ಜೀಪು ನಮ್ಮ ಅಡತದ ಮಾಲಕರದು. ಗಡಿಯಾರನೂ ಅವರದೇ. ಅದು ನಡಿಯಂಗಿಲ್ಲ, ಕೈಗಿ ಕಟ್ಟಾಕ ಅಷ್ಟೇ ಅಂತ ಕೊಟ್ಟಾರ. ನಮ್ಮ ಯಜಮಾನರು ಇದ್ದಾಗ ಹಮಾಲಿ ಮಾಡ್ತಿದ್ರು. ನಾನೂ ಅಲ್ಲಿ ಮಾಲಕರ ಕಿಟಕಿಗೇ ಕುಂತು ನೋಡಾಕಿ."

ಬಾಗಿಲಲ್ಲಿ ನಿಂತಿದ್ದ ಶಿವರಾಜ ಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡ. ಬೇವಿನ ಬುಡದಲ್ಲಿ ನಮ್ಮ ಮನೆಯವರು ಕೋಟು ಬಿಚ್ಚಿ ಮಡಚಿದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕರು. ನಾನು ನೋಡಿದೆ.

ತಗಡಿನ ಮನೆಯಲ್ಲಿ ಎಲ್ಲರಿಗೂ ಕೂರಲು ಜಾಗವಾಗಲಿಲ್ಲ. ಸುಮಿತ್ರಾ ಸರ ತೆಗೆದು ನನ್ನ ಕೈಗೆ ಕೊಟ್ಟು, ಒಲೆ ಹಚ್ಚಿ ಚಹಾ ಮಾಡಿದಳು. ಗುರುಬಾಯಿ ಬಸಿಯಲ್ಲಿ ಚಹಾ ಆರಿಸುತ್ತ ಅವಳನ್ನು ಕೇಳಿದಳು, "ಆ ರೊಟ್ಟಿಯಾಕಿ ಮಾಡಿದ್ದು ಬರಾಬರ್ ಅದ ಅಂತೀ ಏನು ನೀನು?"

"ಇಲ್ರಿ. ಮೊದಲಿಂದಾನೂ ತಪ್ಪು ಅಂತೀನಿ. ಓಣಿಯವರಿಗಿ ಕೇಳ್ರಿ ಬೇಕಾದ್ರ."

"ನಾನೂ ಹಂಗೇ ಅಂತೀನಿ, ಅವ್ವಗ ಸಿಟ್ಟು ಬರ್ತದ," ಅಂದ ಶಿವರಾಜ ಬಾಗಿಲ ಹೊರಗಿನಿಂದ. ಆ ಹೊತ್ತು ಅವನು ಆಡಿದ ಮೊದಲ ಮಾತು ಅದು, ಒಂಬತ್ತೂವರೆಯನ್ನು ಬಿಟ್ಟರೆ. ಸುಮಿತ್ರಾ ಒಲೆಯ ಕಡೆ ತಿರುಗಿ ನಕ್ಕಳು. ಬಹಳ ದಿನಗಳ ಮೇಲೆ ಆ ನಗು ಕಂಡೆ.

ಗುರುಬಾಯಿ ಸುತ್ತ ನೋಡಿ, "ಛಲೋ ಆಯ್ತು," ಅಂದಳು. "ತವರು ಅಂದ್ರ ಇದು ಅಂತ ಗೊತ್ತಾಯ್ತು. ಬಸ್ ಇಳದು ಮಿಲ್ಲಿನ ಹಿಂದ ಬಂದ್ರಾಯ್ತು, ಹುಡುಕೂದು ಬ್ಯಾಡ." ನಾನು ಮಗಳ ಮುಖ ನೋಡಿದೆ. ಅವಳು ಮಳೆಯ ದಿನ ಕೇಳಿದ ಪ್ರಶ್ನೆಗೆ ನನ್ನಿಂದ ಬಾರದ ಉತ್ತರ ಈ ಹೆಂಗಸಿನ ಬಾಯಿಂದ ಬಂದಿತ್ತು.

ಆಗ ಬಾಗಿಲಲ್ಲಿ ಬೆಳಕು ಕಡಿಮೆಯಾಯಿತು. ಕಸ್ತೂರಿ ತಗಡಿಗೆ ತಲೆ ತಾಗದ ಹಾಗೆ ಬಗ್ಗಿ ನಿಂತಿದ್ದಳು. ಅಷ್ಟು ವರ್ಷ ಬೆನ್ನಿಗೆ ಬೆನ್ನು ಹಚ್ಚಿ ಇದ್ದೆವು. ಅವಳು ನನ್ನ ಮನೆಯೊಳಗೆ ಬಂದದ್ದು ಅದೇ ಮೊದಲು.

"ಎಲ್ಲಾರೂ ಎದ್ದು ಹೋದ್ರಿ," ಅಂದಳು. "ಅಷ್ಟು ದೊಡ್ಡ ಖೋಲ್ಯಾಗ ನಾ ಒಬ್ಬಾಕಿ. ಏನೂ ಸುಖ ಅನಿಸಲಿಲ್ಲ. ನನಗೂ ಒಂದಿಷ್ಟು ಚಹಾ ಹಾಕು, ನೀಲಿ."

ಜಾಗ ಇರಲಿಲ್ಲ. ಗುರುಬಾಯಿಯೂ ನಾನೂ ಸರಿದು ನಡುವೆ ಅವಳನ್ನು ಕೂರಿಸಿಕೊಂಡೆವು. ಬೀಗತಿಗೆ ಅವಳು, "ಖೋಲಿ ಎಷ್ಟು ಅಂತ ಕೇಳಿದ್ರಲ್ಲ, ನಾನೂ ಎಣಿಸಿಲ್ರಿ," ಅಂದದ್ದಕ್ಕೆ ತಗಡು ಹಾರುವ ಹಾಗೆ ನಕ್ಕೆವು.

ಮದುವೆ ದೀಪಾವಳಿಯ ನಂತರ ಅಂತ ಮಾತಾಯಿತು. ಅಷ್ಟರಲ್ಲಿ ಬಂಗ್ಲೆ ಕಥೆಯ ಕೊನೆಯ ವಾರವೂ ಬಂತು. ಆ ದಿನ ಕಸ್ತೂರಿ ಟಿ.ವಿ.ಯನ್ನೇ ಹೊರಗೆ ಪಡಸಾಲೆಗೆ ತರಿಸಿ, ತಾನು ಅಂಗಳಕ್ಕೆ ಬಂದು ನನ್ನ ಗೋಣಿಯ ಮೇಲೆ ಕುಳಿತಳು. ಸಾಹುಕಾರರು ಮುಖ ಗಂಟು ಹಾಕಿಕೊಂಡು ಒಳಗೆ ಹೋದರು. ಆಮೇಲೆ ತಡೆಯಲಾರದೆ ಕುರ್ಚಿ ಹಿಡಿದುಕೊಂಡು ಹೊರಗೆ ಬಂದರು. ಇಬ್ಬರು ಗೆಳತಿಯರು ಎದುರೆದುರು ನಿಂತು, ಮೋಟಾರದಾಕಿ ಏನೋ ಹೇಳಲು ಬಾಯಿ ತೆರೆದಳು. ಕರೆಂಟು ಹೋಯಿತು. ಓಣಿಯೆಲ್ಲ ಗೋಳಾಡಿತು. ಹುಮನಾಬಾದದ ಬೀಗತಿಯನ್ನು ಕೇಳೋಣ ಅಂತ ಸಿದ್ರಾಮಣ್ಣನ ಕೈಯಲ್ಲಿ ಹೇಳಿ ಕಳಿಸಿದೆವು. ಅಲ್ಲೂ ಕರೆಂಟು ಹೋಗಿತ್ತಂತೆ. ಕಡೆಗೆ ಖಾಜಾಬೀಯೇ ಒಂದು ಮುಕ್ತಾಯ ಹೇಳಿದಳು. "ಮೋಟಾರದಾಕಿ ಅಂದಳು, ನಡಿ, ನಿಮ್ಮ ಮನಿಗಿ ಹೋಗಿ ನಿಮ್ಮವ್ವನ ಕೈ ರೊಟ್ಟಿ ತಿನ್ನೋಣು." "ಅಂದಳೇನು?" ಅಂದರೆ, "ಅನ್ನೂದ್ರಾಗ ಕರೆಂಟ್ ಹೋಯ್ತು," ಅಂದಳು. ನಮಗೆ ಅದೇ ಸಾಕಾಯಿತು.

ಗುರುಬಾಯಿ ಈಗಿಲ್ಲ. ಖಾಜಾಬೀಯೂ ಇಲ್ಲ. ಮಿಲ್ಲಿನ ಹಿಂದಿನ ತಗಡಿನ ಮನೆ ಹೋಗಿ ಅಲ್ಲೊಂದು ಗಾಡಿ ರಿಪೇರಿ ಅಂಗಡಿಯಾಗಿದೆ. ನಾವು ಎಂದೋ ಕೊಹಿನೂರಕ್ಕೆ ವಾಪಸು ಬಂದೆವು. ಆದರೆ ಕಸ್ತೂರಿ ಇದ್ದಾಳೆ. ಹಾಲು ಉಕ್ಕಿದ ಮೇಲೆ ಕೋಲೂರಿಕೊಂಡು ಬಂದಳು. ಹೊಸ್ತಿಲಿನ ಗೋಣಿತಟ್ಟು ನೋಡಿದಳು, ನನ್ನ ಮುಖ ನೋಡಿದಳು. ಇಬ್ಬರೂ ಸೇರಿ ಅದನ್ನು ಹಿಂಡಿ, ಕಿಟಕಿಯ ಕೆಳಗಿನ ಕಟ್ಟೆಯ ಮೇಲೆ ಹಾಸಿ ಕುಳಿತೆವು. ಮಳೆ ಹನಿ ಹನಿಯಾಗಿತ್ತು.

ಅಶ್ವಿನಿ ಒಳಗಿನಿಂದ ಕಿಟಕಿ ತೆರೆದು ಸರಳಿನ ನಡುವೆ ಇಣುಕಿದಳು. "ಆಯಿ, ಒಳಗ ಕುರ್ಚಿ ಹಾಕೀನಿ. ಹಸೀ ತಟ್ಟಿನ ಮ್ಯಾಲ ಯಾಕ ಕುಂತೀರಿ ಇಬ್ಬರೂ?"

"ನಿಮ್ಮವ್ವ ಬರ್ಲಿ ತಡಿ," ಅಂದಳು ಕಸ್ತೂರಿ.

ಹುಮನಾಬಾದದ ಬಸ್ಸಿನಿಂದ ಇಳಿದು ಸುಮಿತ್ರಾ ಬಂದಳು. ಕೈಯಲ್ಲಿ ಮಗಳಿಗೆ ತಂದ ಹೊಸ ಪಾತ್ರೆಗಳ ಚೀಲ. ಅಂಗಳದ ನಡುವೆ ನಿಂತು ಮೊದಲು ಕಿಟಕಿಯೊಳಗಿನ ಮಗಳನ್ನು ನೋಡಿದಳು, ಆಮೇಲೆ ಕಿಟಕಿಯ ಕೆಳಗಿನ ನಮ್ಮಿಬ್ಬರನ್ನು ನೋಡಿದಳು. ಚೀಲ ಕೆಳಗಿಟ್ಟಳು.

"ಅವ್ವ," ಅಂದಳು, "ಈಗ ಹೇಳು. ಯಾವ ಮನಿಗಿ ಬರ್ಲಿ?"

ಕಸ್ತೂರಿ ಆ ಕಡೆ ಸರಿದಳು, ನಾನು ಈ ಕಡೆ ಸರಿದೆ. ನಡುವೆ ಗೋಣಿತಟ್ಟು ಅವಳಿಗೆ ಸಾಕಾಗುವಷ್ಟು ತೆರವಾಯಿತು.